ಲಾಗೋಸ್‌ನ ಇಗ್ಬೊ ಮತ, ಯೊರುಬಾ ಮತ: ಅಭಿಮಾನಕ್ಕೆ ಬೀಳುವುದಾ, ಭಯಕ್ಕೆ ಬೀಳುವುದಾ?

ಇಕೇಜಾ_ಕನ್ನಡಿಗ:
ನೈಜೀರಿಯಾದ 2023ರ ಚುನಾವಣೆ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ಸಾಲಿನ ತೀರ್ಪು ಕೇಳುತ್ತೇನೆ. "ಇಗ್ಬೊಗಳು ಪೀಟರ್ ಓಬಿಗೆ ಹಾಕಿದರು, ಯೊರುಬಾಗಳು ಟಿನುಬುಗೆ ಹಾಕಿದರು, ಅಷ್ಟೇ." ಇಗ್ಬೊಗಳು ದೇಶದ ಪೂರ್ವ ಭಾಗದ ಸಮುದಾಯ, ಯೊರುಬಾಗಳು ಲಾಗೋಸ್ ನಗರ ಇರುವ ಪಶ್ಚಿಮ ಭಾಗದ ಸಮುದಾಯ. ಲಾಗೋಸ್‌ನಲ್ಲೇ ಇದ್ದು ಎರಡೂ ಕಡೆಯವರ ಜೊತೆ ಕೆಲಸ ಮಾಡುವ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದೇನು ನೋಡೋಣ. 2023ರ ಫೆಬ್ರವರಿ 25ರಂದು ಅಧ್ಯಕ್ಷ ಚುನಾವಣೆ ನಡೆಯಿತು. ಬೋಲಾ ಟಿನುಬು ಯೊರುಬಾ. 1999ರಿಂದ 2007ರವರೆಗೆ ಲಾಗೋಸ್ ರಾಜ್ಯದ ಗವರ್ನರ್ ಆಗಿದ್ದವರು. ಆಮೇಲೂ ಇಲ್ಲಿ ಯಾರು ಗವರ್ನರ್ ಆಗಬೇಕು ಅನ್ನುವುದರಲ್ಲಿ ಅವರ ಮಾತೇ ನಡೆಯುತ್ತಿತ್ತು. ಪೀಟರ್ ಓಬಿ ಇಗ್ಬೊ. ಪೂರ್ವದ ಅನಂಬ್ರಾ ರಾಜ್ಯದ ಮಾಜಿ ಗವರ್ನರ್. ಲಾಗೋಸ್‌ನಲ್ಲಿ ಓಬಿಗೆ ಬಿದ್ದದ್ದು 5,82,454 ಮತ, ಟಿನುಬುಗೆ 5,72,606. ಇಡೀ ದೇಶದಲ್ಲಿ ಟಿನುಬು ಗೆದ್ದರು, ಆದರೆ ಸ್ವಂತ ಕೋಟೆಯಲ್ಲೇ ಹತ್ತು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಸೋತರು.

ಮೂರು ವಾರ ಕಳೆದು ಮಾರ್ಚ್ 18ಕ್ಕೆ ಗವರ್ನರ್ ಚುನಾವಣೆ ಬಂತು. ಟಿನುಬು ಅವರ ಎಪಿಸಿ ಪಕ್ಷದ ಸಾನ್ವೊ-ಒಲು 7,62,134 ಮತ ಪಡೆದು ಗೆದ್ದರು. ಓಬಿಯ ಲೇಬರ್ ಪಾರ್ಟಿಯಿಂದ ನಿಂತಿದ್ದ ಗ್ಬಡೆಬೊ ರೋಡ್ಸ್-ವಿವೂರ್ ಅವರಿಗೆ ಸಿಕ್ಕಿದ್ದು 3,12,329. ಅದೇ ನಗರ, ಅದೇ ಮತದಾರರ ಪಟ್ಟಿ. ಒಂದು ಪಕ್ಷ 2,70,000 ಮತ ಕಳೆದುಕೊಂಡಿತು, ಇನ್ನೊಂದು 1,90,000ದಷ್ಟು ಏರಿಸಿಕೊಂಡಿತು.

ಮತ ಬರೀ ರಕ್ತ ನೋಡಿ ಬೀಳುವುದಾದರೆ ಮೂರು ವಾರದಲ್ಲಿ ಇಷ್ಟು ಬದಲಾಗಬಾರದು. ಯಾರ ರಕ್ತವೂ ಬದಲಾಗಲಿಲ್ಲವಲ್ಲ. ಬದಲಾದದ್ದು ಊರಿನ ಗಾಳಿ. ಆ ಮೂರು ವಾರ "ನಮ್ಮ ಊರನ್ನು ಇಗ್ಬೊಗಳು ಕಿತ್ತುಕೊಳ್ಳುತ್ತಾರೆ" ಅನ್ನುವ ಮಾತು ವಾಟ್ಸ್ಯಾಪ್‌ನಲ್ಲಿ, ಬಸ್ ನಿಲ್ದಾಣದಲ್ಲಿ, ಮಾರುಕಟ್ಟೆಯಲ್ಲಿ ಹರಿದಾಡಿತು. ರೋಡ್ಸ್-ವಿವೂರ್ ಲಾಗೋಸ್‌ನ ಹಳೆಯ ಯೊರುಬಾ ಮನೆತನದವರು. ತಾಯಿ ಇಗ್ಬೊ, ಹೆಂಡತಿಯೂ ಇಗ್ಬೊ. ಅಷ್ಟೇ ಸಾಕಾಯಿತು, "ಇವನು ನಮ್ಮವನಲ್ಲ" ಅಂದರು. ಬಸ್ ನಿಲ್ದಾಣಗಳ ಮೇಲೆ ಹಿಡಿತ ಇದ್ದ ಎಂಸಿ ಒಲುಒಮೊ, ನಮಗೆ ಮತ ಹಾಕದ ಇಗ್ಬೊಗಳು ಮನೆಯಲ್ಲೇ ಇರಲಿ ಅನ್ನುವ ಅರ್ಥದಲ್ಲಿ ಮಾತಾಡಿದ ವಿಡಿಯೊ ಎಲ್ಲರ ಫೋನಿಗೂ ಬಂತು. ಅದು ತಮಾಷೆ ಎಂದು ಅವರು ಆಮೇಲೆ ಹೇಳಿದರು, ಪೊಲೀಸರೂ ಹಾಗೇ ಅಂದರು. ಆದರೆ ಮತದಾನದ ದಿನ ಕೆಲವು ಮತಗಟ್ಟೆಗಳಲ್ಲಿ ಮುಖ ನೋಡಿ, ಹೆಸರು ಕೇಳಿ ಜನರನ್ನು ವಾಪಸ್ ಕಳಿಸಿದರು. ಹೊಡೆದರು. ಇಗ್ಬೊ ಥರ ಕಾಣುತ್ತಾರೆ ಅಂತ ಯೊರುಬಾಗಳಿಗೂ ಏಟು ಬಿತ್ತು.

ನನ್ನ ವಾದ ಇಷ್ಟೇ. ಲಾಗೋಸ್‌ನಲ್ಲಿ ಸಮುದಾಯದ ಮತ ಅನ್ನುವುದು ಹುಟ್ಟಿನಿಂದ ಬರುವುದಿಲ್ಲ. ಕಾನೂನು, ಚರಿತ್ರೆ, ಹೆದರಿಕೆ ಮೂರೂ ಸೇರಿ ಅದನ್ನು ಬೆಳೆಸುತ್ತವೆ. ಬೇರೆಯವರಿಗೆ ಏನನ್ನಿಸುತ್ತದೆ?

ತುಂಗಾತೀರ:
ಒಳ್ಳೆ ಬರಹ ಸರ್. ಆದರೆ ಒಂದು ಅನುಮಾನ. ಫೆಬ್ರವರಿಯಲ್ಲಿ ಓಬಿಗೆ ಬಿದ್ದ 5,82,000 ಮತದಲ್ಲಿ ಇಗ್ಬೊಗಳೇ ಜಾಸ್ತಿ ಇದ್ದಿರಬೇಕಲ್ವಾ? ಲಾಗೋಸ್‌ನಲ್ಲಿ ಇಗ್ಬೊಗಳು ಎಷ್ಟು ಮಂದಿ?

ಲೆಕ್ಕದಮನೆ:
ಈ ಪ್ರಶ್ನೆಗೆ ಯಾರ ಹತ್ತಿರವೂ ಲೆಕ್ಕ ಇಲ್ಲ. ನೈಜೀರಿಯಾದಲ್ಲಿ ಕೊನೆಯ ಜನಗಣತಿ ನಡೆದದ್ದು 2006ರಲ್ಲಿ. ಅದರಲ್ಲಿ ಸಮುದಾಯವನ್ನೂ ಕೇಳಲಿಲ್ಲ, ಧರ್ಮವನ್ನೂ ಕೇಳಲಿಲ್ಲ. ಕೇಳಿದರೆ ಜಗಳ ಆಗುತ್ತದೆ ಅಂತಲೇ ಬಿಟ್ಟರು. ಚುನಾವಣಾ ಆಯೋಗದ ಪಟ್ಟಿಯಲ್ಲೂ ಆ ಮಾಹಿತಿ ಇಲ್ಲ. "ಲಾಗೋಸ್‌ನಲ್ಲಿ ಅರ್ಧ ಇಗ್ಬೊಗಳು" ಅನ್ನುವವರೂ "ಹತ್ತರಲ್ಲಿ ಒಬ್ಬರೂ ಇಲ್ಲ" ಅನ್ನುವವರೂ ಇಬ್ಬರೂ ಊಹೆ ಮಾಡುತ್ತಿದ್ದಾರೆ.

ಇನ್ನೊಂದು ಸಂಗತಿ. ರಾಜ್ಯದಲ್ಲಿ ನೋಂದಾಯಿತ ಮತದಾರರು 70 ಲಕ್ಷಕ್ಕೂ ಹೆಚ್ಚು. ಫೆಬ್ರವರಿಯಲ್ಲಿ ಮೂರು ದೊಡ್ಡ ಪಕ್ಷಗಳಿಗೆ ಸೇರಿ ಬಿದ್ದದ್ದು 12.3 ಲಕ್ಷ. ಮಾರ್ಚ್‌ನಲ್ಲಿ 11.4 ಲಕ್ಷದ ಆಸುಪಾಸು. ಅಂದರೆ ಆರರಲ್ಲಿ ಐದು ಜನ ಯಾರಿಗೂ ಹಾಕಿಲ್ಲ. ಅವರಲ್ಲಿ ಯೊರುಬಾಗಳೂ ಇದ್ದಾರೆ, ಇಗ್ಬೊಗಳೂ ಇದ್ದಾರೆ. ಸಮುದಾಯದ ನಿಷ್ಠೆ ಅಷ್ಟು ಗಟ್ಟಿಯಾಗಿದ್ದರೆ ಇವರೆಲ್ಲ ಮನೆಯಲ್ಲಿ ಯಾಕೆ ಕೂತರು?

ಓಬಿ ದೊಡ್ಡ ಅಂತರದಲ್ಲಿ ಗೆದ್ದ ಜಾಗಗಳನ್ನೂ ನೋಡಿ. ಅಮುವೊ-ಒಡೊಫಿನ್‌ನಲ್ಲಿ ಗೆದ್ದದ್ದು ಆಶ್ಚರ್ಯವಲ್ಲ, ಅಲ್ಲಿ ಇಗ್ಬೊ ವ್ಯಾಪಾರಿಗಳ ಮನೆಗಳು ತುಂಬ ಇವೆ. ಆದರೆ ಲೆಕ್ಕಿ, ಇಕೋಯಿ, ವಿಕ್ಟೋರಿಯಾ ಐಲ್ಯಾಂಡ್ ಇರುವ ಎಟಿ-ಒಸಾದಲ್ಲೂ ಗೆದ್ದರು. ಟಿನುಬು ಮನೆಯೇ ಇಕೋಯಿಯಲ್ಲಿದೆ. 2020ರ ಅಕ್ಟೋಬರ್ 20ರಂದು ಪೊಲೀಸ್ ದೌರ್ಜನ್ಯದ ವಿರುದ್ಧ ಕೂತಿದ್ದ ಹುಡುಗರ ಮೇಲೆ ಸೈನಿಕರು ಗುಂಡು ಹಾರಿಸಿದ್ದು ಲೆಕ್ಕಿ ಟೋಲ್ ಗೇಟ್‌ನಲ್ಲಿ. ಅಲ್ಲಿದ್ದ ಹುಡುಗರಲ್ಲಿ ಎಲ್ಲ ಭಾಷೆಯವರೂ ಇದ್ದರು. ಓಬಿಗೆ ಬಿದ್ದ ಮತದಲ್ಲಿ ಆ ಸಿಟ್ಟಿನ ಪಾಲು ದೊಡ್ಡದು ಅಂತ ನನ್ನ ಅಂದಾಜು.

ಉತ್ತರಹಳ್ಳಿ_ಓದುಗ:
ಧರ್ಮ ಮರೆತಿರಾ? ಟಿನುಬು ಮುಸ್ಲಿಂ. ಉಪಾಧ್ಯಕ್ಷ ಸ್ಥಾನಕ್ಕೆ ಅವರು ಆರಿಸಿಕೊಂಡ ಶೆಟ್ಟಿಮಾ ಕೂಡ ಮುಸ್ಲಿಂ. ಯೊರುಬಾಗಳಲ್ಲಿ ಒಂದೇ ಮನೆಯಲ್ಲಿ ಅಣ್ಣ ಮುಸ್ಲಿಂ, ತಂಗಿ ಕ್ರೈಸ್ತಳು ಇರುವುದು ಸಾಮಾನ್ಯ. ಅವರು ಧರ್ಮಕ್ಕಾಗಿ ಜಗಳ ಆಡುವವರಲ್ಲ. ಆದರೂ ಈ ಜೋಡಿ ಕಂಡು ಎಷ್ಟೋ ಯೊರುಬಾ ಕ್ರೈಸ್ತರಿಗೆ ಬೇಜಾರಾಯಿತು. ಓಬಿ ಕ್ಯಾಥೊಲಿಕ್. ಚರ್ಚ್‌ಗಳಿಗೆ ಹೋಗುವ ಯೊರುಬಾ ಮಧ್ಯಮ ವರ್ಗದ ಮತ ಆ ಕಡೆ ವಾಲಿತು.

ಹಳೆಪುಟ:
ಚರಿತ್ರೆ ಇಲ್ಲದೆ ಇದು ಅರ್ಥವಾಗುವುದಿಲ್ಲ. ಎಲ್ಲರೂ 1951ರಿಂದ ಶುರು ಮಾಡುತ್ತಾರೆ. ನಾನು 1941ರಿಂದ ಶುರು ಮಾಡುತ್ತೇನೆ.

ಆಗ ನೈಜೀರಿಯನ್ ಯೂತ್ ಮೂವ್‌ಮೆಂಟ್ ಅಂತ ಲಾಗೋಸ್‌ನಲ್ಲಿ ಒಂದು ಸಂಘಟನೆ ಇತ್ತು. ಶಾಸನ ಸಭೆಯ ಒಂದು ಸ್ಥಾನಕ್ಕೆ ಅದರೊಳಗೇ ಪೈಪೋಟಿ ಬಿತ್ತು. ಒಂದು ಕಡೆ ಅರ್ನೆಸ್ಟ್ ಇಕೋಲಿ, ಅವರು ಇಜಾ ಸಮುದಾಯದವರು. ಇನ್ನೊಂದು ಕಡೆ ಸ್ಯಾಮ್ಯುಯೆಲ್ ಅಕಿನ್ಸಾನ್ಯ, ಯೊರುಬಾಗಳ ಇಜೆಬು ಕವಲಿನವರು. ಇಗ್ಬೊ ನಾಯಕ ನ್ನಾಂಡಿ ಅಜಿಕಿವೆ ಬೆಂಬಲಿಸಿದ್ದು ಯೊರುಬಾ ಅಕಿನ್ಸಾನ್ಯರನ್ನು. ಯೊರುಬಾ ನಾಯಕ ಅವೊಲೊವೊ, ತಾವೂ ಇಜೆಬು ಕಡೆಯವರೇ ಆಗಿದ್ದರೂ, ಬೆಂಬಲಿಸಿದ್ದು ಇಕೋಲಿಯನ್ನು! ಆದರೆ ಜಗಳ ಮುಗಿದಾಗ ಜನರ ಬಾಯಲ್ಲಿ ಉಳಿದದ್ದು ಸಮುದಾಯದ ಕಥೆ ಮಾತ್ರ. ಅಜಿಕಿವೆ ಹೊರನಡೆದರು, ಅವರ ಹಿಂದೆ ಇಗ್ಬೊಗಳೂ ಇಜೆಬುಗಳೂ ಹೋದರು.

ಅಜಿಕಿವೆ ಹುಟ್ಟಿದ್ದು ಉತ್ತರದ ಜುಂಗೆರುವಿನಲ್ಲಿ, 1904ರಲ್ಲಿ. ಹೌಸಾ, ಯೊರುಬಾ, ಇಗ್ಬೊ ಮೂರೂ ಬರುತ್ತಿತ್ತು. ಲಾಗೋಸ್‌ನಲ್ಲಿ ವೆಸ್ಟ್ ಆಫ್ರಿಕನ್ ಪೈಲಟ್ ಪತ್ರಿಕೆ ನಡೆಸಿದರು. 1944ರಲ್ಲಿ ಯೊರುಬಾ ನಾಯಕ ಹರ್ಬರ್ಟ್ ಮೆಕಾಲೆ ಜೊತೆ ಸೇರಿ ಎನ್‌ಸಿಎನ್‌ಸಿ ಪಕ್ಷ ಕಟ್ಟಿದರು. ಮೆಕಾಲೆ 1946ರಲ್ಲಿ ತೀರಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಎರಡೂ ಕಡೆಯ ಪತ್ರಿಕೆಗಳು ಒಂದನ್ನೊಂದು ಬೈದು ಬೈದು, ಲಾಗೋಸ್‌ನ ಅಂಗಡಿಗಳಲ್ಲಿದ್ದ ಮಚ್ಚುಗಳನ್ನು ಜನ ಪೈಪೋಟಿಯಿಂದ ಕೊಳ್ಳುವ ಸ್ಥಿತಿಗೆ ತಂದವು.

ಆದರೂ 1951ರಲ್ಲಿ ಲಾಗೋಸ್‌ನ ಐದೂ ಸ್ಥಾನಗಳನ್ನು ಗೆದ್ದದ್ದು ಎನ್‌ಸಿಎನ್‌ಸಿ! ಇಗ್ಬೊ ಅಜಿಕಿವೆಯನ್ನು ಯೊರುಬಾ ಮತದಾರರೇ ಗೆಲ್ಲಿಸಿದರು. ಆದರೆ ಲಾಗೋಸ್ ಆಗ ಸೇರಿದ್ದ ಪಶ್ಚಿಮ ಪ್ರಾಂತ್ಯದ ಸಭೆಯಲ್ಲಿ ಬಹುಮತ ಅವೊಲೊವೊ ಪಕ್ಷಕ್ಕೆ ಸಿಕ್ಕಿತು. ಲಾಗೋಸ್‌ನಿಂದ ಕೇಂದ್ರ ಸಭೆಗೆ ಇಬ್ಬರನ್ನು ಕಳಿಸಬೇಕಿತ್ತು. ಪ್ರಾಂತ್ಯದ ಸಭೆ ಅಜಿಕಿವೆಯನ್ನು ಬಿಟ್ಟು, ಅವರದೇ ಪಕ್ಷದ ಅಡೆಡೊಯಿನ್ ಮತ್ತು ಒಲೊರುನ್-ನಿಂಬೆ ಎಂಬ ಇಬ್ಬರು ಯೊರುಬಾಗಳನ್ನು ಆರಿಸಿತು. ನಾಯಕನಿಗಾಗಿ ಜಾಗ ಬಿಟ್ಟುಕೊಡಲು ಅವರಿಬ್ಬರೂ ಒಪ್ಪಲಿಲ್ಲ. ಅಜಿಕಿವೆ ಲಾಗೋಸ್ ಬಿಟ್ಟು ಪೂರ್ವಕ್ಕೆ ಹೋದರು. ಅಲ್ಲಿ ಎಫಿಕ್ ಸಮುದಾಯದ ಎಯೊ ಇಟಾ ಅವರನ್ನು ಕೆಳಗಿಳಿಸಿ ತಾವೇ ಪ್ರಾಂತ್ಯದ ಮುಖ್ಯಸ್ಥರಾದರು.

ಇಂದಿಗೂ ಇಗ್ಬೊಗಳು "ಪಶ್ಚಿಮದಲ್ಲಿ ನಮ್ಮವರನ್ನು ತಳ್ಳಿದರು" ಅನ್ನುತ್ತಾರೆ. ಪೂರ್ವದ ಸಣ್ಣ ಸಮುದಾಯಗಳು "ನಮ್ಮ ಇಟಾಗೆ ನೀವು ಮಾಡಿದ್ದೇನು" ಅಂತ ಕೇಳುತ್ತಾರೆ. ಎರಡೂ ನಿಜ. ಎರಡು ಕಡೆಯೂ ಮೋಸ ಮಾಡಿದ್ದು ನಾಯಕರು. ಜನ ಹಾಕಿದ ಮತಕ್ಕೆ ಬೆಲೆ ಸಿಗಲಿಲ್ಲ.

ಕಡಲಕರೆ:
ನಾನು ಕೆಲವು ವರ್ಷ ಎನುಗುವಿನಲ್ಲಿದ್ದೆ, ಯಜಮಾನರ ಕೆಲಸ ಅಲ್ಲಿತ್ತು. ಇಗ್ಬೊ ಮನೆಗಳಲ್ಲಿ ಓಡಾಡಿ ಕಂಡದ್ದನ್ನು ಹೇಳುತ್ತೇನೆ. 1966ರಲ್ಲಿ ಉತ್ತರದಲ್ಲಿ ಇಗ್ಬೊಗಳ ಕಗ್ಗೊಲೆ ನಡೆಯಿತು. ಆಮೇಲೆ 1967ರಿಂದ 1970ರವರೆಗೆ ಬಿಯಾಫ್ರಾ ಯುದ್ಧ, ಪೂರ್ವ ಭಾಗ ಬೇರೆ ದೇಶವಾಗಲು ಹೊರಟಾಗ ನಡೆದದ್ದು. ಅದು ಮುಗಿದ ಮೇಲೆ ಬ್ಯಾಂಕಿನಲ್ಲಿ ಎಷ್ಟೇ ಹಣ ಇದ್ದರೂ ಕೈಗೆ ಬಂದದ್ದು 20 ಪೌಂಡ್. ಆಗ ಕೇಂದ್ರದ ಹಣಕಾಸು ನೋಡಿಕೊಳ್ಳುತ್ತಿದ್ದವರು ಅವೊಲೊವೊ. 1972ರಲ್ಲಿ ವಿದೇಶಿ ಕಂಪನಿಗಳ ಷೇರುಗಳನ್ನು ನೈಜೀರಿಯನ್ನರಿಗೆ ಮಾರುವ ಕಾನೂನು ಬಂತು. ಕೊಳ್ಳಲು ಇವರ ಹತ್ತಿರ ಹಣವೇ ಇರಲಿಲ್ಲ. ಆ ನೋವನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಲೇ ಇರುತ್ತಾರೆ.

ಅಲ್ಲಿಂದ ಎದ್ದು ಬಂದ ಜನ ಇವರು. ಹುಡುಗರು ಒಬ್ಬ ವ್ಯಾಪಾರಿಯ ಕೈಕೆಳಗೆ ಐದಾರು ವರ್ಷ ದುಡಿದು ಕಲಿಯುತ್ತಾರೆ. ಕೊನೆಗೆ ಆ ಯಜಮಾನನೇ ಬಂಡವಾಳ ಕೊಟ್ಟು ಅಂಗಡಿ ಹಾಕಿಸುತ್ತಾನೆ. ಲಾಗೋಸ್‌ನ ಅಲಾಬಾ ಮಾರುಕಟ್ಟೆ, ಲಡಿಪೊ ಬಿಡಿಭಾಗಗಳ ಸಂತೆ, ಟ್ರೇಡ್ ಫೇರ್ ಎಲ್ಲ ಹೀಗೆ ಬೆಳೆದವು. ದುಡ್ಡು ಲಾಗೋಸ್‌ನಲ್ಲಿ, ಆದರೆ ಕ್ರಿಸ್‌ಮಸ್‌ಗೆ ಊರು, ಹೆಣ ಹೂಳುವುದು ಊರಲ್ಲಿ. ಹೀಗೆ ಬದುಕುವವರಿಗೆ ಮತ ಅನ್ನುವುದು ಬರೀ ಆಯ್ಕೆಯಲ್ಲ, ರಕ್ಷಣೆಯೂ ಹೌದು. ಓಬಿ ನಿಂತಾಗ ಅವರಿಗೆ ಕಂಡದ್ದು, ಇಷ್ಟು ವರ್ಷದ ಮೇಲೆ ನಮ್ಮನ್ನೂ ಈ ದೇಶದವರು ಅಂತ ಒಪ್ಪುತ್ತಾರಾ ಅನ್ನುವ ಪ್ರಶ್ನೆ. ಚುನಾವಣೆಯಲ್ಲಿ ಗೆದ್ದು ಪೂರ್ಣಾಧಿಕಾರದ ಅಧ್ಯಕ್ಷನಾದ ಇಗ್ಬೊ ಇಂದಿಗೂ ಒಬ್ಬನಿಲ್ಲ.

ದ್ವೀಪವಾಸಿ:
ಕಡಲಕರೆ ಮೇಡಂ ಬರೆದದ್ದು ಮನಸ್ಸಿಗೆ ತಟ್ಟಿತು. ಆದರೆ ಯೊರುಬಾಗಳ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು, ನಾನು ಹೇಳುತ್ತೇನೆ.

ಲಾಗೋಸ್ ಖಾಲಿ ಜಾಗವಾಗಿರಲಿಲ್ಲ. ಅವೊರಿ ಯೊರುಬಾಗಳ ನೆಲ ಅದು. ಬ್ರಿಟಿಷರು ಬರುವ ಮುಂಚೆಯೇ ಅಲ್ಲಿ ಓಬಾ, ಅಂದರೆ ಯೊರುಬಾ ರಾಜ, ಇದ್ದ, ಅರಮನೆ ಇತ್ತು. 1991ರಲ್ಲಿ ರಾಜಧಾನಿ ಅಬುಜಾಗೆ ಹೋಗುವವರೆಗೆ ಇದೇ ದೇಶದ ರಾಜಧಾನಿ ಆಗಿದ್ದಕ್ಕೆ ಎಲ್ಲರೂ ಬಂದು ನೆಲೆಸಿದರು, ಯಾರೂ ತಡೆಯಲಿಲ್ಲ. ಆದರೆ "ಲಾಗೋಸ್ ಯಾರಪ್ಪನದೂ ಅಲ್ಲ, ಅದನ್ನು ಬೆಳೆಸಿದವರು ನಾವು" ಅಂತ ಬಂದವರಲ್ಲಿ ಕೆಲವರು ಹೇಳಿದಾಗ ಮೊದಲಿಂದ ಇದ್ದವರಿಗೆ ಹೇಗಾಗಬೇಡ? ಯುದ್ಧದ ನಂತರ ಪೋರ್ಟ್ ಹಾರ್‌ಕೋರ್ಟ್‌ನಲ್ಲಿ ಇಗ್ಬೊಗಳ ಮನೆಗಳನ್ನು ವಾರಸುದಾರರಿಲ್ಲದ ಆಸ್ತಿ ಅಂತ ಕಿತ್ತುಕೊಂಡರು. ಲಾಗೋಸ್‌ನಲ್ಲಿ ಎಷ್ಟೋ ಇಗ್ಬೊಗಳು ಹಿಂತಿರುಗಿದಾಗ ಮನೆ ಹಾಗೇ ಸಿಕ್ಕಿತು, ನೆರೆಯವರು ವಸೂಲಿ ಮಾಡಿಟ್ಟಿದ್ದ ಬಾಡಿಗೆ ಸಮೇತ. ಇದನ್ನು ಇಗ್ಬೊ ಹಿರಿಯರೇ ಹೇಳುತ್ತಾರೆ. ಫಶೋಲಾ ಗವರ್ನರ್ ಆಗಿದ್ದಾಗ ರಾಜ್ಯದ ಬಜೆಟ್ ಖಾತೆ ನೋಡಿಕೊಂಡದ್ದು ಬೆನ್ ಅಕಬುಯೆಜೆ, ಅನಂಬ್ರಾದ ಇಗ್ಬೊ. ಪೂರ್ವದ ರಾಜ್ಯಗಳಲ್ಲಿ ಯೊರುಬಾ ಒಬ್ಬನಿಗೆ ಅಂಥ ಖಾತೆ ಸುಲಭಕ್ಕೆ ಸಿಗುತ್ತದಾ?

1993ರ ಜೂನ್ 12ರ ಚುನಾವಣೆಯನ್ನೂ ಮರೆಯಬಾರದು. ಗೆದ್ದಿದ್ದ ಯೊರುಬಾ ಅಬಿಯೋಲಾ ಅವರ ಗೆಲುವನ್ನು ಸೈನ್ಯ ರದ್ದು ಮಾಡಿತು. 1998ರಲ್ಲಿ ಅವರು ಬಂಧನದಲ್ಲೇ ಸತ್ತರು. ಗೆದ್ದದ್ದನ್ನು ಕಿತ್ತುಕೊಂಡ ನೋವು ಯೊರುಬಾಗಳಿಗೂ ಇದೆ.

ತುಂಗಾತೀರ:
ಹಾಗಾದರೆ ಯೊರುಬಾಗಳು ಯಾವಾಗಲೂ ಯೊರುಬಾಗೇ ಹಾಕುತ್ತಾರೆ ಅನ್ನಬಹುದಾ?

ಲೆಕ್ಕದಮನೆ:
ಇಲ್ಲ. 1999ರಲ್ಲಿ ನಿಂತ ಇಬ್ಬರೂ ಯೊರುಬಾಗಳೇ, ಒಬಾಸಾಂಜೊ ಮತ್ತು ಒಲು ಫಲಾಯೆ. ಒಬಾಸಾಂಜೊ ಉತ್ತರದ ಜನರಲ್‌ಗಳ ಆಯ್ಕೆ ಅಂತ ಯೊರುಬಾಗಳು ಅವರನ್ನು ಸೋಲಿಸಿದರು, ಅವರ ಸ್ವಂತ ರಾಜ್ಯದಲ್ಲೂ. ಆದರೂ ಇಡೀ ದೇಶದಲ್ಲಿ ಅವರೇ ಗೆದ್ದರು, ಗೆಲ್ಲಿಸಿದ್ದರಲ್ಲಿ ಇಗ್ಬೊ ಮತವೂ ಇತ್ತು! 2011ರಲ್ಲಿ ಲಾಗೋಸ್ ಅಧ್ಯಕ್ಷ ಸ್ಥಾನಕ್ಕೆ ಇಜಾ ಸಮುದಾಯದ ಗುಡ್‌ಲಕ್ ಜೊನಾಥನ್‌ಗೆ 12 ಲಕ್ಷಕ್ಕೂ ಹೆಚ್ಚು ಮತ ಕೊಟ್ಟಿತು. ಅದೇ ತಿಂಗಳು ಗವರ್ನರ್ ಸ್ಥಾನಕ್ಕೆ ಬೇರೆ ಪಕ್ಷದ ಫಶೋಲಾ ಅವರನ್ನು ಅದಕ್ಕಿಂತ ದೊಡ್ಡ ಸಂಖ್ಯೆಯಲ್ಲಿ ಗೆಲ್ಲಿಸಿತು. 2023ರಲ್ಲಿ ಅಪ್ಪಟ ಯೊರುಬಾ ರಾಜ್ಯ ಒಸುನ್‌ನಲ್ಲಿ ಟಿನುಬು ಅವರನ್ನು ಸೋಲಿಸಿದವರು ಇನ್ನೊಬ್ಬ ಅಭ್ಯರ್ಥಿ, ಉತ್ತರದ ಫುಲಾನಿ ಸಮುದಾಯದ ಅತಿಕು. ಅಲ್ಲಿ ಕೆಲಸ ಮಾಡಿದ್ದು ಪಕ್ಷದ ಸಂಘಟನೆ. ಯೊರುಬಾ ಹಿರಿಯರ ಸಂಘಟನೆ ಅಫೆನಿಫೆರೆ ಕೂಡ ಎರಡಾಯಿತು. ಆಯೊ ಅಡೆಬಾಂಜೊ ಓಬಿ ಪರ ನಿಂತರು, ರೂಬೆನ್ ಫಸೊರಾಂಟಿ ಟಿನುಬು ಪರ.

ಸೋಮವಾರಪೇಟೆ:
ನನಗೆ ಇಕೇಜಾ ಸರ್ ವಾದ ಪೂರ್ತಿ ಒಪ್ಪಿಗೆ ಇಲ್ಲ. ಮಾರ್ಚ್‌ನಲ್ಲಿ ಲೇಬರ್ ಪಾರ್ಟಿ ಕುಸಿದದ್ದಕ್ಕೆ ಭಯ ಒಂದೇ ಕಾರಣವಾ? ಫೆಬ್ರವರಿಯ ಮತ ಓಬಿ ಎಂಬ ವ್ಯಕ್ತಿಗೆ ಬಿದ್ದದ್ದು. ಮಾರ್ಚ್‌ನಲ್ಲಿ ಅವರು ಕಣದಲ್ಲಿರಲಿಲ್ಲ. ಮೊದಲೇ ಗವರ್ನರ್ ಆಗಿದ್ದ ಸಾನ್ವೊ-ಒಲು ಕೋವಿಡ್ ಸಮಯದಲ್ಲಿ ಒಳ್ಳೆ ಕೆಲಸ ಮಾಡಿದರು ಅಂತ ಇಗ್ಬೊ ಸಹೋದ್ಯೋಗಿಗಳೇ ನನಗೆ ಹೇಳಿದ್ದರು. ಫೆಬ್ರವರಿಯಲ್ಲಿ ಫಲಿತಾಂಶಗಳನ್ನು ಮತಗಟ್ಟೆಯಿಂದ ಕೂಡಲೇ ಆನ್‌ಲೈನ್‌ಗೆ ಹಾಕುತ್ತೇವೆ ಅಂದಿದ್ದ ಆಯೋಗ ಮಾತು ಉಳಿಸಿಕೊಳ್ಳಲಿಲ್ಲ. "ಇನ್ನು ಹಾಕಿ ಏನು ಪ್ರಯೋಜನ" ಅಂತ ಬೇಸತ್ತು ಕೂತವರೂ ತುಂಬ.

ಇಕೇಜಾ_ಕನ್ನಡಿಗ:
ನೀವು ಹೇಳಿದ ಮೂರು ಕಾರಣವೂ ಲೆಕ್ಕಕ್ಕೆ ಬರಬೇಕು, ಒಪ್ಪುತ್ತೇನೆ. ಆದರೆ ಬರೀ ಬೇಸತ್ತು ಕೂತಿದ್ದರೆ ಎಪಿಸಿ ಮತ ಒಮ್ಮೆಲೇ 1,90,000 ಏರುತ್ತಿರಲಿಲ್ಲ. ಫೆಬ್ರವರಿಯಲ್ಲಿ ಮನೆಯಲ್ಲಿದ್ದ ಅಥವಾ ಬೇರೆಯವರಿಗೆ ಹಾಕಿದ್ದ ಯೊರುಬಾಗಳು ಮಾರ್ಚ್‌ನಲ್ಲಿ ಎದ್ದು ಬಂದರು. ನಮ್ಮ ಕಚೇರಿಯ ಯೊರುಬಾ ಹುಡುಗಿಯೊಬ್ಬಳು ಫೆಬ್ರವರಿಯಲ್ಲಿ ಓಬಿಗೆ, ಮಾರ್ಚ್‌ನಲ್ಲಿ ಸಾನ್ವೊ-ಒಲುಗೆ ಹಾಕಿದಳು. ಯಾಕೆ ಅಂತ ಕೇಳಿದೆ. "ಅಬುಜಾ ಎಲ್ಲರದು, ಲಾಗೋಸ್ ನಮ್ಮ ಮನೆ" ಅಂದಳು. ಆಕೆಗೆ ಯಾರ ಮೇಲೂ ದ್ವೇಷ ಇಲ್ಲ. ಮನೆ ಕೈತಪ್ಪುತ್ತದೆ ಅಂತ ಯಾರೋ ಹೆದರಿಸಿದ್ದರು, ಆಕೆ ನಂಬಿದ್ದಳು.

ಇದು ಮೊದಲ ಸಲವೂ ಅಲ್ಲ. 2015ರ ಏಪ್ರಿಲ್‌ನಲ್ಲಿ ಲಾಗೋಸ್‌ನ ಓಬಾ ರಿಲ್ವಾನ್ ಅಕಿಯೊಲು ಇಗ್ಬೊ ಮುಖಂಡರನ್ನು ಕರೆಸಿ, ಗವರ್ನರ್ ಸ್ಥಾನಕ್ಕೆ ನಿಂತಿದ್ದ ಎಪಿಸಿಯ ಅಂಬೊಡೆಗೆ ಮತ ಹಾಕದಿದ್ದರೆ ಲಗೂನ್ ನೀರಿನಲ್ಲಿ ಕೊನೆಯಾಗುತ್ತೀರಿ ಅನ್ನುವ ಅರ್ಥದ ಮಾತಾಡಿದರು. ಎದುರು ನಿಂತಿದ್ದ ಜಿಮಿ ಅಗ್ಬಾಜೆ ಕೂಡ ಯೊರುಬಾನೇ! ಅಂಬೊಡೆ ಗೆದ್ದರು, ಆದರೆ ಅಗ್ಬಾಜೆಗೆ 6,59,788 ಮತ ಬಂತು. ಅದೇ ವರ್ಷ ಅಮುವೊ-ಒಡೊಫಿನ್, ಅಜೆರೊಮಿ-ಇಫೆಲೊಡುನ್, ಒಶೋಡಿ-ಇಸೊಲೊ ಕಡೆಯಿಂದ ಹೊರಗಿನ ಮೂಲದ ಮೂವರು ಸಂಸತ್ತಿಗೆ ಗೆದ್ದರು. ಬೆದರಿಕೆ ಹುಟ್ಟಿದ್ದೇ ಅಲ್ಲಿ. ಇವರ ಮತಕ್ಕೆ ಈಗ ಫಲಿತಾಂಶ ಬದಲಿಸುವ ಬಲ ಬಂದಿದೆ ಅಂತ ಗೊತ್ತಾದಾಗ.

ಹಳೆಪುಟ:
ಇದರ ಬೇರು ಇರುವುದು ಸಂವಿಧಾನದಲ್ಲಿ. ನೈಜೀರಿಯಾದಲ್ಲಿ ಸರ್ಕಾರಿ ಕೆಲಸ, ಕಾಲೇಜಿನ ಸೀಟು, ಸ್ಕಾಲರ್‌ಶಿಪ್ ಎಲ್ಲದಕ್ಕೂ ಮೂಲ ರಾಜ್ಯ ಯಾವುದು ಅಂತ ಕೇಳುತ್ತಾರೆ. ಪ್ರತಿ ರಾಜ್ಯದಿಂದ, ಆ ರಾಜ್ಯದ ಮೂಲದವರೇ ಆದ ಒಬ್ಬರಾದರೂ ಕೇಂದ್ರ ಮಂತ್ರಿ ಆಗಲೇಬೇಕು ಅಂತ ನಿಯಮವಿದೆ. ಯಾರಿಗೂ ಅನ್ಯಾಯ ಆಗದಿರಲಿ ಅಂತ ತಂದ ನಿಯಮವೇ. ಆದರೆ ಲಾಗೋಸ್‌ನಲ್ಲಿ ಹುಟ್ಟಿ, ಲಾಗೋಸ್‌ನಲ್ಲಿ ಓದಿ, ಲಾಗೋಸ್‌ಗೆ ತೆರಿಗೆ ಕಟ್ಟುವ ಇಗ್ಬೊ ಮಗಳು ಕಾಗದದಲ್ಲಿ ಅನಂಬ್ರಾದವಳಾಗಿಯೇ ಉಳಿಯುತ್ತಾಳೆ. ಅಪ್ಪನ ಊರಿನ ಸ್ಥಳೀಯ ಸರ್ಕಾರದಿಂದ ಸರ್ಟಿಫಿಕೇಟ್ ತರಬೇಕು, ಆಕೆ ಆ ಊರನ್ನು ನೋಡಿಯೇ ಇರದಿದ್ದರೂ. ವಾಸಿಸುವ ಊರು ಆಕೆಗೆ ಏನೂ ಕೊಡದೆ, ಮೂಲ ಮಾತ್ರ ಎಲ್ಲ ಕೊಡುವಾಗ, ಮತ ಹಾಕುವಾಗ ಮಾತ್ರ ಮೂಲ ಮರೆಯಮ್ಮ ಅಂತ ಹೇಗೆ ಕೇಳುವುದು?

ದ್ವೀಪವಾಸಿ:
ಇದರಲ್ಲಿ ಯೊರುಬಾ, ಇಗ್ಬೊ ಅನ್ನುವ ಭೇದವೂ ಇಲ್ಲ. 2011ರಲ್ಲಿ ಅಬಿಯಾ ರಾಜ್ಯ ತನ್ನ ಸರ್ಕಾರಿ ನೌಕರಿಯಿಂದ ಬೇರೆ ರಾಜ್ಯದ ಮೂಲದವರನ್ನು ಹೊರಹಾಕಿತು. ಅಬಿಯಾ ಇಗ್ಬೊ ರಾಜ್ಯ. ಹೊರಬಿದ್ದವರಲ್ಲಿ ಹೆಚ್ಚಿನವರು ಪಕ್ಕದ ಇಮೊ, ಅನಂಬ್ರಾ ಕಡೆಯ ಇಗ್ಬೊಗಳೇ! ಭಾಷೆ ಒಂದು, ಕುಲ ಒಂದು, ಆದರೂ ಕಾಗದದಲ್ಲಿ ಹೊರಗಿನವರು. 2013ರಲ್ಲಿ ಲಾಗೋಸ್ ಸರ್ಕಾರ ನಿರ್ಗತಿಕ ಇಗ್ಬೊಗಳನ್ನು ವಾಹನದಲ್ಲಿ ತುಂಬಿ ಅನಂಬ್ರಾದ ಒನಿಟ್ಶಾದಲ್ಲಿ ಇಳಿಸಿ ಬಂತು. ಫಶೋಲಾ ಆಮೇಲೆ ಕ್ಷಮೆ ಕೇಳಿದರು.

ಕಡಲಕರೆ:
ಅಬಿಯಾ ವಿಷಯ ನೆನಪಿಸಿದ್ದು ಒಳ್ಳೆಯದಾಯಿತು. ಕೆಲಸ ಹೋದವರ ಸಂಕಟ ಆಗ ಎಷ್ಟೋ ಮನೆಗಳಲ್ಲಿ ಇತ್ತು. ಅದೇ ಎನುಗುವಿಗೆ 1950ರ ದಶಕದಲ್ಲಿ ಮೊದಲ ಮೇಯರ್ ಆಗಿದ್ದವರು ಉಮರು ಅಲ್ಟಿನೆ, ಉತ್ತರದ ಫುಲಾನಿ ಮುಸ್ಲಿಂ. ಇಗ್ಬೊ ನಗರವೇ ಅವರನ್ನು ಆರಿಸಿತ್ತು. ಅಂಥದ್ದು ಆಗ ಸಾಧ್ಯವಿತ್ತು, ಈಗ ಯಾಕಿಲ್ಲ ಅಂತ ನನಗೆ ತುಂಬ ನೋವಾಗುತ್ತದೆ.

ತುಂಗಾತೀರ:
ಹತ್ತು ವರ್ಷ ವಾಸ ಇದ್ದವರನ್ನು ಆ ರಾಜ್ಯದವರೇ ಅಂತ ಒಪ್ಪುವ ಕಾನೂನು ತರಲು ಯಾರೂ ಪ್ರಯತ್ನಿಸಿಲ್ಲವಾ?

ಇಕೇಜಾ_ಕನ್ನಡಿಗ:
ಪ್ರಯತ್ನ ಆಗಿದೆ. 2025ರಲ್ಲಿ ಸಂಸತ್ತಿನ ಡೆಪ್ಯುಟಿ ಸ್ಪೀಕರ್ ಬೆಂಜಮಿನ್ ಕಾಲು ಸುಮಾರು ಇದೇ ಥರದ ಸಂವಿಧಾನ ತಿದ್ದುಪಡಿ ಮಂಡಿಸಿದರು. ಅವರು ಇಗ್ಬೊ, ಟಿನುಬು ಪಕ್ಷದವರೇ. ವಿರೋಧ ಜೋರಾಯಿತು. ತಮ್ಮ ನೆಲ ಹೋಗುತ್ತದೆ ಅಂತ ಸಣ್ಣ ಸಮುದಾಯಗಳೂ ಹೆದರಿದವು, ಆ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಮಸೂದೆ ವಾಪಸ್ ಹೋಯಿತು. ನನ್ನ ಮಟ್ಟಿಗೆ ನೆಲದ ಹಕ್ಕು, ಓಬಾ ಪದವಿ, ಹಳೆಯ ಮನೆತನಗಳ ಮರ್ಯಾದೆ ಮೊದಲಿಂದ ಇದ್ದವರಿಗೇ ಇರಲಿ. ಶಾಲೆಯ ಸೀಟು, ಸರ್ಕಾರಿ ಕೆಲಸ, ಸ್ಥಳೀಯ ಆಡಳಿತ ಇವನ್ನಾದರೂ ವಾಸ ನೋಡಿ ಕೊಡಬೇಕು. ಎರಡನ್ನೂ ಒಂದೇ ಗಂಟು ಕಟ್ಟಿ ತಂದದ್ದಕ್ಕೇ ಆ ಮಸೂದೆ ಬಿತ್ತು ಅಂತ ನನ್ನ ಅನಿಸಿಕೆ. ಬೇರೆ ಬೇರೆ ಮಾಡಿ ತಂದರೆ 2027ರ ಚುನಾವಣೆಗೆ ಮುಂಚೆ ಲಾಗೋಸ್ ಶಾಸನ ಸಭೆಯಲ್ಲೇ ಸ್ಕಾಲರ್‌ಶಿಪ್ ವಿಷಯದಿಂದ ಶುರು ಮಾಡಬಹುದು. ಅದಕ್ಕೆ ಅಬುಜಾದ ಅಪ್ಪಣೆಗೆ ಕಾಯಬೇಕಾಗಿಲ್ಲ.